ಬೆಟ್ಟದ ಮೇಲೆ ನಿಂತ ಮೋಡ

ಹೊಳೆದಂಡೆಯ ಆ ಆಶ್ರಮದಲ್ಲಿ ಕಲಿಸುತ್ತಿದ್ದುದು ಅನಿಮೇಷನ್ ವಿದ್ಯೆ. ಹೆಂಚಿನ ಜಗಲಿಯಲ್ಲಿ ಸಾಲು ಕಂಪ್ಯೂಟರುಗಳು, ಎದುರಿಗೆ ನೀರು, ಆಚೆ ದಡದಲ್ಲಿ ಬೆಟ್ಟ. ಬೆಟ್ಟದ ನೆತ್ತಿಯ ಮೇಲೆ ಒಂದು ಬಿಳಿ ಮೋಡ ಸದಾ ಟೋಪಿಯಂತೆ ಕೂತಿರುತ್ತಿತ್ತು.

ಗುರು ಸೋಮಾರಾಧ್ಯರಿಗೆ ವಯಸ್ಸಾಗಿತ್ತು. ಇಂದಲ್ಲ ನಾಳೆ ಹೊಳೆ ದಾಟಿ ಹೊರಟುಬಿಡುತ್ತೇನೆ ಎನ್ನುತ್ತಿದ್ದರು. ಹಿರಿಯ ಶಿಷ್ಯೆ ವಾಗ್ದೇವಿಗೆ ಆ ಮಾತು ಕೇಳಿದರೆ ಸಂಕಟ.

"ನೀವು ಹೋದರೆ ಇಲ್ಲಿ ಏನು ಉಳಿಯುತ್ತದೆ, ಗುರುಗಳೇ?"

"ಆ ಬೆಟ್ಟದ ಮೋಡವನ್ನು ಪರದೆಯ ಮೇಲೆ ನಿಲ್ಲಿಸು. ಆಮೇಲೆ ಹೇಳುತ್ತೇನೆ."

ವಾಗ್ದೇವಿ ಹಠಕ್ಕೆ ಬಿದ್ದಳು. ಸಾಸಿವೆಗಿಂತ ಸಣ್ಣ ಕಣಗಳನ್ನು ಲಕ್ಷಗಟ್ಟಲೆ ಹುಟ್ಟಿಸಿದಳು. ಒಂದೊಂದಕ್ಕೂ ಹೊಗೆಯ ಮೈ ಕೊಟ್ಟಳು. ಮೇಲೆ ಬಿಸಿಲಿನ ಬಿಳುಪು, ಅಡಿಯಲ್ಲಿ ನೆರಳು ಬಳಿದಳು. ಕಣಗಳು ಒತ್ತೊತ್ತಾಗಿ ಸೇರಿ ಮೋಡವಾದವು.

ಗಾಳಿ ಬಿಟ್ಟಳು. ಮೋಡ ಬೆಟ್ಟ ಬಿಟ್ಟು ಪರದೆಯಾಚೆ ಹಾರಿಹೋಯಿತು.

ಗಾಳಿ ನಿಲ್ಲಿಸಿದಳು. ಮೋಡ ನಿಂತಿತು, ಆದರೆ ಜೀವವಿಲ್ಲ.

"ಚೆನ್ನಾಗಿದೆ ಅಕ್ಕಾ," ಎಂದ ಪಕ್ಕದಲ್ಲಿದ್ದ ಶಿಷ್ಯ ತುಂಗಪ್ಪ. "ದಿಂಬಿಗೆ ತುಂಬಬಹುದು."

"ನಿನ್ನದು ನೋಡಿಕೋ ಹೋಗು. ಸೀದ ದೋಸೆ ಥರ ಇದೆ."

ಬಾಯಿ ಮುಚ್ಚಿಸಿದಳು ನಿಜ, ಆದರೆ ಮಾತು ಚುಚ್ಚಿತು. ಎದ್ದು ಹೋಗಿ ಗುರುಗಳನ್ನು ಕರೆತಂದಳು.

ಗುರುಗಳು ಪರದೆಯನ್ನು ದಿಟ್ಟಿಸಿದರು.

"ಇವುಗಳ ಆಯುಸ್ಸು ಎಷ್ಟಮ್ಮ?"

"ಯಾವುದರ ಆಯುಸ್ಸು?"

"ಒಂದು ಕಣ ಹುಟ್ಟಿದ ಮೇಲೆ ಎಷ್ಟು ಹೊತ್ತು ಬದುಕುತ್ತದೆ?"

ವಾಗ್ದೇವಿಯ ಮುಖ ಅರಳಿತು. "ಸಾಯುವುದೇ ಇಲ್ಲ, ಗುರುಗಳೇ. ಹಾಗೆ ಮಾಡಿಟ್ಟಿದ್ದೇನೆ. ಒಂದೇ ಒಂದು ಕಣವನ್ನೂ ಕಳೆದುಕೊಂಡಿಲ್ಲ."

ಗುರುಗಳು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡರು. ಆಯುಸ್ಸಿನ ಜಾಗದಲ್ಲಿ ಐದು ಸೆಕೆಂಡು ಎಂದು ಬರೆದರು.

"ಅಯ್ಯೋ! ಏನು ಮಾಡಿದಿರಿ?"

ನೋಡನೋಡುತ್ತಿದ್ದಂತೆ ಮೋಡ ತೂತುಬಿತ್ತು, ತೆಳುವಾಯಿತು, ಇಲ್ಲವಾಯಿತು. ಬೋಳು ಬೆಟ್ಟ ಉಳಿಯಿತು. ತುಂಗಪ್ಪನೂ ನಗೆ ಮರೆತು ಬಾಯಿಯ ಮೇಲೆ ಕೈಯಿಟ್ಟುಕೊಂಡ.

"ಎಲ್ಲಾ ಸತ್ತುಹೋದವು," ಎಂದಳು ವಾಗ್ದೇವಿ. "ನೀವೇ ಕೊಂದಿರಿ, ಗುರುಗಳೇ."

ಗುರುಗಳು ಬೆಟ್ಟದ ಈ ಮಗ್ಗುಲಲ್ಲಿ ಕಣಗಳು ಬಿಡದೆ ಹುಟ್ಟುವಂತೆ ಮಾಡಿದರು. ಆಮೇಲೆ ಗಾಳಿ ಬಿಟ್ಟರು.

ಕಣಗಳು ಹೊಮ್ಮಿದವು. ಗಾಳಿ ಅವನ್ನು ನೆತ್ತಿಗೆ ಒಯ್ದಿತು. ಆ ಮಗ್ಗುಲಿಗೆ ಇಳಿಯುವಷ್ಟರಲ್ಲಿ ಕರಗಿದವು. ಅವುಗಳ ಬೆನ್ನಿಗೇ ಬೇರೆಯವು ಬಂದವು, ಅವೂ ಕರಗಿದವು.

ಮೋಡ ಮಾತ್ರ ಕದಲಲಿಲ್ಲ. ಮೈಯೆಲ್ಲ ಹರಿಯುತ್ತ ನಿಂತಲ್ಲೇ ನಿಂತಿತ್ತು.

ವಾಗ್ದೇವಿ ಪರದೆ ನೋಡಿದಳು. ತಲೆಯೆತ್ತಿ ಹೊಳೆಯಾಚೆಯ ಬೆಟ್ಟ ನೋಡಿದಳು.

"ಹಾಗಾದರೆ ಅಲ್ಲಿರುವುದೂ..."

ಗುರುಗಳು ತಾವು ಮಾಡಿದ್ದನ್ನೂ ಅಳಿಸಿಹಾಕಿದರು.

"ಈಗ ನೀನು ಮಾಡು."

ಸಂಜೆಯ ಹೊತ್ತಿಗೆ ಅವಳ ಮೋಡ ಗಾಳಿಯಲ್ಲಿ ನಿಂತಿತು. ಗುರುಗಳು ಬಂದು ನೋಡಿದರು. ಒಮ್ಮೆ ತಲೆಯಾಡಿಸಿ ಹೋದರು.

ಬೆಳಗಾದಾಗ ಗುರುಗಳ ಕೋಣೆ ಖಾಲಿ. ಚಾಪೆ ಸುತ್ತಿಟ್ಟಿತ್ತು.

ವಾಗ್ದೇವಿ ಬರಿಗಾಲಲ್ಲಿ ಹೊಳೆಗೆ ಓಡಿದಳು. ಗುರುಗಳು ದೋಣಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಬಟ್ಟೆಗಂಟು.

"ಹೇಳದೆ ಕೇಳದೆ ಹೊರಟುಬಿಟ್ಟಿರಾ!" ಅವಳು ಏದುಸಿರು ಬಿಡುತ್ತಿದ್ದಳು. "ಉತ್ತರ ಕೊಡುತ್ತೇನೆ ಅಂದಿದ್ದಿರಿ. ನೀವು ಹೋದರೆ ಇಲ್ಲಿ ಏನು ಉಳಿಯುತ್ತದೆ?"

ಅಂಬಿಗ ಹಗ್ಗ ಬಿಚ್ಚತೊಡಗಿದ.

ಅಷ್ಟರಲ್ಲಿ ತುಂಗಪ್ಪ ಓಡಿಬಂದು ಅವಳ ಹಿಂದೆ ನಿಂತ. ದೋಣಿ ನೋಡಿದ. ಬಟ್ಟೆಗಂಟು ನೋಡಿದ. ಕೈಮುಗಿದು ಮೆಲ್ಲಗೆ ಕೇಳಿದ:

"ಗುರುಗಳೇ, ನನ್ನ ಮೋಡ ಬೆಟ್ಟ ಬಿಟ್ಟು ಓಡ್ತಾ ಇದೆ. ಒಂಚೂರು ನೋಡ್ತೀರಾ?"

ವಾಗ್ದೇವಿ ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

"ಯಾಕೆ ಸರಿಯುತ್ತೀಯಮ್ಮ?" ಎಂದರು ದೋಣಿಯಲ್ಲಿದ್ದ ಗುರುಗಳು. "ಅವನು ಕರೆದದ್ದು ನಿನ್ನನ್ನು."