ನಾಲ್ಕು ಜನಕ್ಕೆ ಸಾಕಾಗುವ ಬಸ್ಸಾರು

ನಗುವವರು ಈಗಲೇ ನಕ್ಕುಬಿಡಿ. ಕತೆ ಮುಂದೆ ಹೋದ ಮೇಲೆ ನಗು ಬರುತ್ತೋ ಇಲ್ಲವೋ, ನಾನು ಹೇಳಲಾರೆ.

ಒಂದೂರು, ಊರಲ್ಲೊಂದು ಬೀದಿ, ಬೀದಿಯ ತುದಿಗೆ ದೊಡ್ಡತಾಯಮ್ಮನ ಮನೆ. ಅವಳಿಗೆ ಒಬ್ಬನೇ ಮಗ, ಸಣ್ಣೀರ. ಆಳು ನೋಡಿದರೆ ಎತ್ತಿನಂಥವನು, ಬುದ್ಧಿ ನೋಡಿದರೆ ದೇವರೇ ಗತಿ. ಕಪಟ ಅರಿಯ, ಸುಳ್ಳು ಅರಿಯ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕರು ಹಿಡಿದುಕೋ ಎಂದರೆ ಬಿಡು ಅನ್ನುವ ತನಕ ಹಿಡಿದೇ ನಿಂತಿರುವವನು. ಬಿಡು ಅನ್ನುವುದನ್ನು ಮರೆತ ದಿನ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ನಿಂತಿದ್ದನಂತೆ.

ಆ ವರ್ಷ ದೊಡ್ಡತಾಯಮ್ಮನಿಗೆ ಎದೆಬೇನೆ ಹತ್ತಿಕೊಂಡಿತು. ಒಲೆ ಮುಂದೆ ಕೂತರೆ ಉಸಿರು ಕಟ್ಟುತ್ತಿತ್ತು. ಸಾವಿಗೆ ಅವಳು ಹೆದರಲಿಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಇವನ ಹೊಟ್ಟೆ ನೋಡುವವರು ಯಾರು ಅನ್ನುವುದೊಂದೇ ಅವಳನ್ನು ಕೊರೆಯುತ್ತಿತ್ತು. ಅವನಿಗೆ ಹೆಣ್ಣು ಕೊಡುವವರಿಲ್ಲ, ಒಡಹುಟ್ಟಿದವರಿಲ್ಲ. ಹಸಿವಾಯಿತು ಎಂದು ಬಾಯಿಬಿಟ್ಟು ಕೇಳಲೂ ತಿಳಿಯದ ಮಗ.

ಓದುವುದು ಮಾತ್ರ ಬರುತ್ತಿತ್ತು. ಆ ಒಂದನ್ನೇ ನಂಬಿಕೊಂಡು ತಾಯಿ ಸಂತೆಯಿಂದ ಹಳೆಯ ಅಡುಗೆ ಪುಸ್ತಕವೊಂದನ್ನು ತರಿಸಿದಳು. ನಮ್ಮ ಸೀಮೆಯ ಅಜ್ಜಿಯರ ಕಾಲದ ಅಡುಗೆಗಳೆಲ್ಲ ಅದರಲ್ಲಿದ್ದವು.

"ಮಗಾ, ನನ್ನ ಬಾಯಿ ನಿಂತ್ರೂ ಇದ್ರ ಬಾಯಿ ನಿಲ್ಲಾಕಿಲ್ಲ. ಇದನ್ನ ನೋಡ್ಕಂಡು ಅಡುಗೆ ಕಲ್ತ್ಕೊ."

"ಆಗ್ಲವ್ವಾ!"

ಮೊದಲ ದಿನ ಹುರುಳಿಕಾಳಿನ ಬಸ್ಸಾರು. ಕಾಳು ಬೇಯಿಸಿ ಎಂದಿತ್ತು ಪುಸ್ತಕ, ಬೇಯಿಸಿದ. ಬೆಂದ ನೀರನ್ನು ಬಸಿಯಿರಿ ಎಂದಿತ್ತು, ಬಸಿದ. ಯಾವುದಕ್ಕೆ ಬಸಿಯಬೇಕೆಂದು ಬರೆದಿರಲಿಲ್ಲ. ಬಚ್ಚಲಿಗೇ ಬಸಿದುಬಿಟ್ಟ! ಘಮ್ಮೆಂದ ವಾಸನೆ ಹಿಡಿದು ಪಕ್ಕದ ಮನೆಯ ನಿಂಗಾಜಮ್ಮ ಓಡಿ ಬಂದಳು. ಬೀದಿಯಲ್ಲೇ ಹಿರಿಯಳು, ಮದುವೆಮನೆಗಳಿಗೆ ಅಡುಗೆ ಮಾಡಿದ ಕೈ ಅವಳದು.

"ಅಯ್ಯೋ ನಿನ್ ಮನೆ ಕಾಯ್ವೋಗ! ಕಟ್ಟು ಚೆಲ್ಬುಟ್ಟು ಅದ್ಯಾವ ಸಾರು ಮಾಡೀಯೆ?"

"ಪುಸ್ತಕ ಹೇಳ್ತು ದೊಡ್ಡವ್ವಾ!"

"ಅದ್ನ ಬರ್ದೋರು ಒಲೆ ಊದಿದೋರಲ್ಲ ಬುಡು! ಕೇಳು, ನೀರು ಚೆಲ್ಬಾರ್ದು, ಆ ನೀರಲ್ಲೇ ಸಾರು ಮಾಡ್ಬೇಕು!"

"ಆಗ್ಲಿ ದೊಡ್ಡವ್ವಾ!"

ಮಾರನೇ ದಿನ ಮಸ್ಸೊಪ್ಪು. ಸೊಪ್ಪು ತೊಳೆಯಿರಿ ಎಂದಿತ್ತು ಪುಸ್ತಕ, ತೊಳೆದ. ನೀರು ಚೆಲ್ಲಬಾರದು ಎಂದಿದ್ದಳಲ್ಲ ನಿಂಗಾಜಮ್ಮ, ಚೆಲ್ಲಲಿಲ್ಲ. ಹೊಲದ ಮಣ್ಣೆಲ್ಲ ಇಳಿದ ಕೆಂಪು ನೀರಿಗೇ ಖಾರ ಹಾಕಿ ಕುದಿಸಿದ. ಒಂದು ತುತ್ತು ಬಾಯಿಗಿಟ್ಟುಕೊಂಡ ದೊಡ್ಡತಾಯಮ್ಮನ ಹಲ್ಲಿಗೆ ಕರಕರ ಮರಳು ಸಿಕ್ಕಿತು. ಆ ಹೊತ್ತಿಗೆ ಎದುರುಮನೆಯ ಜವನಮ್ಮ ಅವಳನ್ನು ನೋಡಿಕೊಂಡು ಹೋಗಲು ಬಂದಿದ್ದಳು.

"ಥೂ! ಕಾಯ್ಲೆ ಮನ್ಸೀಗೆ ಮಣ್ಣು ತಿನ್ನುಸ್ತೀಯೇನ್ಲಾ?"

"ನೀರು ಚೆಲ್ಬಾರ್ದು ಅಂದ್ರಲ್ಲ ಚಿಕ್ಕವ್ವಾ!"

"ಹಾಳಾದೋನೇ! ಒಲೆ ಮೇಲಕ್ಕೆ ಹೋಗೋ ಪದಾರ್ಥನ ನೀರು ತಿಳಿಯಾಗೋ ಗಂಟ ತೊಳೀಬೇಕು! ನಿನ್ ಪುಸ್ತಕ ಅಷ್ಟೂ ಹೇಳ್ನಿಲ್ವಾ?"

"ಇಲ್ಲ ಚಿಕ್ಕವ್ವಾ. ಇನ್ಮೇಲೆ ತೊಳೀತೀನಿ!"

ಮಾರನೇ ದಿನ ರಾಗಿಮುದ್ದೆ. ಒಲೆ ಮೇಲೆ ಹೋಗುವ ಪದಾರ್ಥ ಹಿಟ್ಟು. ಸಣ್ಣೀರ ಹಿಟ್ಟನ್ನು ಜಲ್ಲಡಿಗೆ ಹಾಕಿಕೊಂಡು ಬಾವಿಕಟ್ಟೆಗೆ ಹೋದ. ತೊಳೆದ, ತೊಳೆದ, ಮತ್ತೂ ತೊಳೆದ. ಕೊನೆಗೆ ನೀರು ತಿಳಿಯಾಯಿತು. ಹಿಟ್ಟು ಇರಲಿಲ್ಲ.

"ಅವ್ವಾ, ತೊಳ್ದು ಆಯ್ತು! ಈಗೇನು ಬೇಯಿಸ್ಲಿ?"

ಸುದ್ದಿ ಕೇಳಿ ನಿಂಗಾಜಮ್ಮ ಬಂದಳು, ಜವನಮ್ಮ ಬಂದಳು, ಮೂಲೆಮನೆಯ ಸೊಸೆ ಮಾದೇವಿಯೂ ಬಂದಳು. ಓದು ಮೂವರಿಗೂ ಬಾರದು. ಸಣ್ಣೀರನ ಕೈಲೇ ಪುಸ್ತಕ ಓದಿಸಿದರು. ಅವನು ಓದುತ್ತಾ ಹೋದ, ಅವರು ತೀರ್ಪು ಕೊಡುತ್ತಾ ಹೋದರು.

"ಲೋಟ ಹಿಡ್ಕಂಡು ಅಳ್ದು ಮುದ್ದೆ ಮಾಡ್ತಾರೇನ್ರವ್ವಾ? ಕೈಗೆ ಕಣ್ಣಿಲ್ವಾ?" ಅಂದಳು ನಿಂಗಾಜಮ್ಮ.

"ಖಾರ ಸಾಲ್ದು. ಬಾಣಂತಿ ಪಥ್ಯಕ್ಕೆ ಬರ್ದಂಗೈತೆ!" ಅಂದಳು ಜವನಮ್ಮ.

"ಇಲ್ಲ ಅತ್ತೆ, ನಮ್ಮ ತವರಲ್ಲಿ ಹಿಂಗೇ ಮಾಡೋದು. ಹುಣಸೆಹಣ್ಣು ಮಾತ್ರ ಕಮ್ಮಿ ಮಾಡ್ಬೇಕು," ಅಂದಳು ಮಾದೇವಿ.

"ನಿಮ್ಮ ತವರಲ್ಲಿ ಸಾರು ಅಂದ್ರೇನು ಅಂತ ಗೊತ್ತಿದ್ರೆ ತಾನೆ!" ಅಂದಳು ಜವನಮ್ಮ.

ಮಾತಿಗೆ ಮಾತು ಬೆಳೆಯಿತು. ಸಣ್ಣೀರ ಎಲ್ಲರ ಮಾತಿಗೂ "ಆಗ್ಲಿ, ಆಗ್ಲಿ" ಎಂದು ತಲೆಯಾಡಿಸುತ್ತಿದ್ದ. ಮಲಗಿದ್ದಲ್ಲಿಂದ ದೊಡ್ಡತಾಯಮ್ಮ ಎದ್ದು ಕೂತಳು.

"ಸಾಕು ಸುಮ್ಕಿರ್ರವ್ವಾ! ಮಗಾ, ಯಾರ ಮಾತೂ ಬ್ಯಾಡ ನಿಂಗೆ. ಎಲ್ಲಿ ಏನು ಮಾಡ್ಬೇಕು ಅಂತ ನಾನು ಇಲ್ಲಿಂದ್ಲೇ ಹೇಳ್ತೀನಿ, ಅಳತೆ ಮಾತ್ರ ಪುಸ್ತಕದ್ದು. ಅದ್ರಲ್ಲಿ ಒಂದಕ್ಷರ ಬುಡ್ಬ್ಯಾಡ!"

"ಆಗ್ಲವ್ವಾ!"

ಅವಳು ಗೋಡೆಗೊರಗಿ ಹೇಳಿದಳು, ಅವನು ಮಾಡಿದ. ದಿನಾ ಅದೇ ಬಸ್ಸಾರು, ದಿನಾ ಅದೇ ಮಾತು. ಬಸಿ, ಪಾತ್ರೆಗೆ ಬಸಿ, ಒಂದು ಹಿಡಿ ಕಾಳು ಎತ್ತಿಡು, ಖಾರದ ಜೊತೆಗೆ ರುಬ್ಬು, ನನಗೆ ಬಡಿಸು, ನೀನೂ ಉಣ್ಣು. ಹೇಳಿ ಹೇಳಿ ಅವಳ ಉಸಿರು ಸೋತಿತು. ಒಂದು ದಿನ ಅವಳು ಬಾಯಿ ತೆರೆಯುವ ಮೊದಲೇ ಸಣ್ಣೀರ ಎಲ್ಲವನ್ನೂ ಮಾಡಿ ಮುಗಿಸಿದ್ದ. ಸಾರು ಸಾರಿನಂತೇ ಇತ್ತು. ದೊಡ್ಡತಾಯಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತು, "ಬಡಿಸು ಮಗಾ," ಅಂದಳು.

ಸಣ್ಣೀರ ಪುಸ್ತಕ ನೋಡಿದ. ಕೊನೆಯ ಸಾಲು ಹೀಗಿತ್ತು: ಈ ಅಳತೆ ನಾಲ್ಕು ಜನಕ್ಕೆ ಸಾಕು. ಒಂದಕ್ಷರ ಬಿಡಬಾರದಲ್ಲ! ಬೀದಿಗೆ ಓಡಿದ. ನಿಂಗಾಜಮ್ಮ, ಜವನಮ್ಮ, ಮಾದೇವಿ ಮೂವರನ್ನೂ ಕರೆತಂದು ಅವ್ವನ ಸಾಲಿನಲ್ಲಿ ಕೂರಿಸಿ, ಬಡಿಸಿ, ಪಾತ್ರೆ ಕೆರೆದ. ನಾಲ್ಕು ಜನ ಉಂಡರು. ತಾನು ಖಾಲಿ ಪಾತ್ರೆ ಹಿಡಿದುಕೊಂಡು ನಗುತ್ತಾ ನಿಂತ.

"ನೀನ್ಯಾವಾಗ ಉಣ್ತೀಯೋ?" ಅಂದಳು ತಾಯಿ.

"ನಾಲ್ಕು ಜನ ಆಗ್ಬುಟ್ರಲ್ಲವ್ವಾ."

ದೊಡ್ಡತಾಯಮ್ಮ ಕೈಲಿದ್ದ ತುತ್ತನ್ನು ಎಲೆಗೇ ಇಟ್ಟಳು. ಇಷ್ಟು ದಿನ ಯಾವುದಕ್ಕೆ ಹೆದರಿದ್ದಳೋ ಅದು ಕಣ್ಣ ಮುಂದೆ ಪಾತ್ರೆ ಹಿಡಿದು ನಿಂತಿತ್ತು. ಅವಳು ಅಳುತ್ತಲೇ ಬೈದಳು.

"ಅಯ್ಯೋ ಪೆದ್ದ್ ಮುಂಡೇದೇ! ಅಡುಗೆ ಕಲ್ತೂ ಉಪಾಸ ಸಾಯ್ತೀಯಲ್ಲೋ! ಕೇಳು, ಇದ್ನ ಮರೀಬ್ಯಾಡ. ನಾನಿಲ್ಲದ ದಿನ ನನ್ನ ಎಲೆ ನಿಂದು. ನನ್ನ ಎಲೆ ಮುಂದೆ ನೀನು ಕೂತ್ಕಂಡು, ನನ್ನ ಪಾಲು ನೀನು ಉಣ್ಬೇಕು. ಯಾರು ಬ್ಯಾಡ ಅಂದ್ರೂ ಕೇಳ್ಬ್ಯಾಡ!"

"ಆಗ್ಲವ್ವಾ."

ಆ ಸಲ ಅವನು ಕೂಗಿ ಹೇಳಲಿಲ್ಲ. ತಾಯಿ ಅಳುವುದನ್ನು ಅವನು ಅದೇ ಮೊದಲು ನೋಡಿದ್ದು.

ಊರಲ್ಲಿ ಅವರೆ ಹೂ ಬಿಡುವ ಹೊತ್ತಿಗೆ ದೊಡ್ಡತಾಯಮ್ಮ ಹೋಗಿಬಿಟ್ಟಳು. ತಿಥಿಯ ದಿನ ನೆಂಟರೆಲ್ಲ ಬಂದರು. ಬಂದವರಿಗೆ ಅಂಗಳದಲ್ಲಿ ದೊಡ್ಡ ಅಡುಗೆ ನಡೆದಿತ್ತು. ಸತ್ತವಳ ಎಡೆಗೆ ಮಾತ್ರ ಮಗನೇ ಬಸ್ಸಾರು ಮಾಡಲಿ, ಕೊನೆಗಾಲದಲ್ಲಿ ಅವಳಿಗೆ ಸೇರುತ್ತಿದ್ದುದು ಅದೊಂದೇ ಅಂದಳು ನಿಂಗಾಜಮ್ಮ. ಸಣ್ಣೀರ ಮಾಡಿದ. ದೀಪ ಹಚ್ಚಿ, ಎಲೆ ಹಾಕಿ, ಮುದ್ದೆ, ಸಾರು, ಪಲ್ಯ ಬಡಿಸಿದರು. ಸತ್ತವರು ಬಂದು ಉಂಡುಹೋಗಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆಳೆದುಕೊಂಡರು. ಆ ಗಡಿಬಿಡಿಯಲ್ಲಿ ಸಣ್ಣೀರ ಎಲ್ಲಿ ಎಂದು ಯಾರೂ ನೋಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸೋದರಮಾವ ಬೆಟ್ಟಯ್ಯ ಬಾಗಿಲು ತಳ್ಳಿದ. ಎಲೆ ಖಾಲಿ!

"ತಾಯವ್ವ ಬಂದು ಉಂಡವ್ಳೆ ಕಣ್ರಪ್ಪೋ!" ಎಂದು ಕೈ ಮುಗಿದ. ಹಿಂದಿದ್ದವರೂ ಕೈ ಮುಗಿದರು. ಆಗ ಕಂಬದ ಪಕ್ಕ ಬೆರಳು ನೆಕ್ಕುತ್ತಾ ಕೂತಿದ್ದ ಸಣ್ಣೀರ ಕಂಡ.

"ಲೇ ಪಾಪಿ! ಸತ್ತೋರ ಎಡೆ ತಿಂದ್ಬುಟ್ಯೇನೋ!"

"ಅವ್ವ ಹೇಳಿದ್ಲು ಮಾವ. ನಾನಿಲ್ಲದ ದಿನ ನನ್ನ ಎಲೆ ನಿಂದು ಅಂದ್ಲು. ಯಾರು ಬ್ಯಾಡ ಅಂದ್ರೂ ಕೇಳ್ಬ್ಯಾಡ ಅಂದ್ಲು."

ಬೆಟ್ಟಯ್ಯ ಕೈ ಎತ್ತಿದ. ನಿಂಗಾಜಮ್ಮ ಹಿಂದಿನಿಂದ ಆ ಕೈ ಹಿಡಿದುಕೊಂಡಳು.

"ಹೊಡೀಬ್ಯಾಡ ಕಣಪ್ಪಾ. ಅವಳೇ ಬಂದಿದ್ರೂ ಏನ್ ಕೇಳ್ತಿದ್ಲು? ನನ್ ಮಗ ಉಂಡ್ನಾ ಅಂತ ತಾನೆ?"

ಬೆಟ್ಟಯ್ಯನ ಕೈ ಇಳಿಯಿತು. ಹೊಸಿಲಲ್ಲಿ ನಿಂತ ಹೆಂಗಸರು ಅತ್ತರು. ಸಣ್ಣೀರ ಮಾತ್ರ ಅಳಲಿಲ್ಲ. ಎದ್ದು, ಒಲೆಯ ಮೇಲಿದ್ದ ಪಾತ್ರೆಯನ್ನು ಬಗ್ಗಿ ನೋಡಿದ. ಬೆರಳು ಮಡಿಸಿ ಲೆಕ್ಕ ಹಾಕಿದ.

"ದೊಡ್ಡವ್ವಾ, ಬಾ. ಚಿಕ್ಕವ್ವಾ, ಬಾ. ಮಾದೇವಕ್ಕಾ, ನೀನೂ ಬಾ. ಕೂತ್ಕಳಿ."

ಮೂವರೂ ಒಳಗೆ ಬಂದು ಕೂತರು. ಅಂಗಳದಲ್ಲಿ ನೆಂಟರಿಷ್ಟರು ನೂಕಿಕೊಂಡು ನೋಡುತ್ತಿದ್ದರು. ಸಣ್ಣೀರ ಬೆಟ್ಟಯ್ಯನ ಎರಡೂ ಭುಜ ಹಿಡಿದು, ಮೆಲ್ಲಗೆ ಹೊಸಿಲಾಚೆಗೆ ದಾಟಿಸಿದ.

"ನಾಲ್ಕಾಯ್ತು, ಮಾವ. ನೀನು ಹೊರಗಿರು."

ಬಾಗಿಲು ಹಾಕಿಕೊಂಡ.

ಆ ಮನೆಯಲ್ಲಿ ದಿನಾ ಹೊತ್ತು ಹೊತ್ತಿಗೆ ಒಲೆ ಉರಿಯುತ್ತಂತೆ. ಸಾರು ಹೇಗಿದೆ ಎಂದು ಬೀದಿಯ ಹೆಂಗಸರಿಗೆ ಇನ್ನೂ ಒಮ್ಮತವಿಲ್ಲ. ನೀವು ಆ ಕಡೆ ಹೋದರೆ ಬೇಗ ಹೋಗಿ, ಐದನೆಯವರಾಗಬೇಡಿ.