ದುಂಡು ಹೋಳಿಗೆಯ ಪಂದ್ಯ

ಗಣಿತ ದಿನದ ಬೆಳಿಗ್ಗೆ ಅಡುಗೆಮನೆಯ ಅತ್ತೆ ಒರಳುಕಲ್ಲು ಒಂದು ಆಟ ಹೂಡಿತು: ಎಲ್ಲರಿಗಿಂತ ದುಂಡಗೆ ಮಾಡಿದವರಿಗೆ ಬಹುಮಾನ. ಸೊಸೆ ಲಟ್ಟಣಿಗೆಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷ ಮೈಮುರಿದು ದುಡಿದರೂ ಯಾರ ಬಾಯಲ್ಲೂ ಒಂದು ಭೇಷ್ ಬಂದಿರಲಿಲ್ಲ. ಇವತ್ತಾದರೂ ಬಂದೀತು ಎಂದು ಮಣೆಯ ಮೇಲೆ ಜೀವ ತೇದು ಒಂದು ಹೋಳಿಗೆ ಲಟ್ಟಿಸಿತು.

ಅಷ್ಟರಲ್ಲಿ ಜಾಮಿಟ್ರಿ ಬಾಕ್ಸಿನಿಂದ ಮನೆಯ ಅಳಿಯ ಕೈವಾರ ಬಂದಿತು. ಒಂದು ಕಾಲನ್ನು ಹೋಳಿಗೆಯ ನಡುವೆ ಚುಚ್ಚಿ, ಇನ್ನೊಂದನ್ನು ಸುತ್ತಲೂ ಆಡಿಸಿ, "ಇಲ್ಲಿ ಕೂದಲೆಳೆಯಷ್ಟು ಉಬ್ಬಿದೆಯಲ್ಲಮ್ಮ ತಂಗಿ" ಎಂದಿತು.

"ನೀವು ತೂತು ಮಾಡಿದ್ದಕ್ಕೇ ಹೂರಣ ಸರಿದದ್ದು, ಅಣ್ಣಾ. ಎಲ್ಲಿ, ನೀವೇ ಒಂದು ಲಟ್ಟಿಸಿ ನೋಡೋಣ."

"ಹಿಟ್ಟು ಮುಟ್ಟುವ ಕೆಲಸ ನನ್ನದಲ್ಲ" ಎಂದ ಕೈವಾರ ಹಾಳೆಯ ಮೇಲೆ ಗರಗರನೆ ಒಂದು ಸುತ್ತು ಹಾಕಿತು. ಕೂದಲೆಳೆಯಷ್ಟೂ ತಪ್ಪಿಲ್ಲ. ಸೌಟು, ಜರಡಿ, ತಟ್ಟೆಗಳೆಲ್ಲ ಚಪ್ಪಾಳೆ ಹೊಡೆದವು.

"ಗೆದ್ದವರು ನಮ್ಮ ಅಳಿಯಂದಿರು!" ಎಂದು ಒರಳುಕಲ್ಲು ಸಾರಿತು.

"ಬಹುಮಾನ ಏನತ್ತೆ?" ಎಂದು ಲಟ್ಟಣಿಗೆ ಕೇಳಿತು.

"ಇನ್ನೇನು, ತುಪ್ಪ ಹಾಕಿದ ಬಿಸಿ ಹೋಳಿಗೆ. ನಿಂತು ನೋಡ್ತೀಯಲ್ಲ, ಬೇಗ ಲಟ್ಟಿಸು. ಈ ಸಲವಾದರೂ ದುಂಡಗಿರಲಿ."