ಬಸವನಹುಳು ಕೇಳಿದ ವಿಳಾಸ

ನಮ್ಮ ಕಡೆಯ ಜೇನುಗಳ ಒಂದು ಬಳಗ ಯುರೋಪಿನ ಹೂತೋಟವೊಂದರಲ್ಲಿ ಶಾಖೆ ತೆರೆಯಲು ಹೋಯಿತು. ಪಂಚಾಂಗ ನೋಡಿ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಕೊಂಡೇ ಹೊರಟಿತ್ತು. ಅನುಮತಿ ಆಮೇಲೆ ಹೇಗಾದರೂ ಸಿಗುತ್ತದೆ ಎಂಬ ಧೈರ್ಯ. ಬಳಗವೆಲ್ಲ ಒಂದು ಕೊಂಬೆಯ ಮೇಲೆ ಚಳಿಗೆ ನಡುಗುತ್ತಾ ಕೂತಿತು. ಹಿರಿಯ ಜೇನು ತೋಟದ ಅಧಿಕಾರಿ ಬಸವನಹುಳುವಿನ ಮುಂದೆ ಹೋಗಿ ನಿಂತಿತು.

“ಸ್ವಾಮಿ, ಇಲ್ಲಿ ಗೂಡು ಕಟ್ಟಲು ಅನುಮತಿ ಕೊಡಿ.”

“ಧಾರಾಳವಾಗಿ. ಈ ತೋಟದಲ್ಲಿ ನಿಮ್ಮ ವಿಳಾಸ?”

“ಗೂಡು ಕಟ್ಟಿದ ಮೇಲೆ ತಾನೆ ವಿಳಾಸ?”

“ವಿಳಾಸವಿಲ್ಲದವರಿಗೆ ಗೂಡಿನ ಅನುಮತಿ ಇಲ್ಲ.”

“ಅನುಮತಿಯಿಲ್ಲದೆ ಕಟ್ಟಿದರೆ?”

“ಕೆಡವುತ್ತೇವೆ.”

“ಮುಹೂರ್ತ ಮೀರುತ್ತಿದೆ, ಸ್ವಾಮಿ!”

“ಮುಹೂರ್ತ ಕೊಟ್ಟವರನ್ನೇ ಅನುಮತಿಯೂ ಕೇಳಬೇಕಿತ್ತು.”

ಜೇನಿಗೆ ತಲೆ ಕೆಟ್ಟುಹೋಯಿತು. “ಅಲ್ಲಿ ಹೂವುಗಳು ಬಾಡುತ್ತಿವೆ, ನಮ್ಮವರು ಚಳಿಗೆ ಮರಗಟ್ಟುತ್ತಿದ್ದಾರೆ. ಮನೆಯೇ ಇಲ್ಲದೆ ವಿಳಾಸ ಎಲ್ಲಿಂದ ತರಲಿ?”

ಬಸವನಹುಳುವಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಅದೇನು ಅಂಥ ಕಷ್ಟ? ವಿಳಾಸ ಬೆನ್ನ ಮೇಲೇ ಇರುತ್ತದಲ್ಲ! ನಾನು ಹುಟ್ಟುವಾಗಲೇ ಹೊತ್ತುಕೊಂಡು ಬಂದಿದ್ದೇನೆ.”

“ಹಾಗಾದರೆ ನಿಮ್ಮ ಮನೆಗೆ ಅನುಮತಿ ಕೊಟ್ಟವರು ಯಾರು?”

ಬಸವನಹುಳು ಒಂದು ಕೊಂಬು ಒಳಗೆಳೆದುಕೊಂಡಿತು. ಆಮೇಲೆ ಇನ್ನೊಂದು. ಆಮೇಲೆ ತಲೆ. ಚಿಪ್ಪಿನೊಳಗಿಂದ ದನಿ ಬಂತು:

“ಕಚೇರಿ ಮುಚ್ಚಿದೆ. ನಾಳೆ ಬನ್ನಿ. ಬರುವಾಗ ವಿಳಾಸ ತನ್ನಿ.”